ಗ್ಯಾಝೆಟಿಯರ್ ಕಪಾಟಿನ್ಯಾಗ, ಹುಡುಗರು ಮೊಬೈಲಿನ್ಯಾಗ

ಮಾನ್ಯರೇ,

ನಾ ಕಲಬುರಗಿಯ ಒಂದು ಕಾಲೇಜಿನ್ಯಾಗ ಲೈಬ್ರರಿ ನೋಡ್ಕೊಂಡು ರಿಟೈರ್ ಆದವ. ಹೋದ ವಾರ ನಮ್ಮ ಓಣಿ ಹುಡುಗಿಯೊಬ್ಬಾಕಿ ಸನ್ನತಿ ಬಗ್ಗೆ ಪ್ರಾಜೆಕ್ಟ್ ಬರ್ದು ತೋರಿಸ್ಲಿಕ್ಕೆ ಬಂದಿದ್ಳು. ಅಲ್ಲಿಯ ಅಶೋಕನ ಶಾಸನ, ಹತ್ತಿರದ ಕನಗನಹಳ್ಳಿಯ ಬೌದ್ಧ ಸ್ತೂಪ ಎರಡೂ ಒಂದೇ ಅನ್ನೋಹಂಗ ಕಲಸಿಬಿಟ್ಟಿದ್ಳು. ಶಾಸನ ಗೊತ್ತಾಗಿದ್ದು 1986ರಾಗ, ಚಂದ್ರಲಾಂಬ ಗುಡಿ ಆವರಣದಾಗಿನ ಕಾಳಿ ಗುಡಿ ಕುಸಿದಾಗ, ಮೂರ್ತಿ ಪೀಠಕ್ಕಂತ ಹಾಕಿದ್ದ ಕಲ್ಲೇ ಅಶೋಕನ ಶಾಸನ ಆಗಿತ್ತು. 'ರಾಯ ಅಸೋಕೋ' ಅಂತ ಬರ್ದಿರೋ ರಾಜನ ಚಿತ್ರದ ಫಲಕ ಸಿಕ್ಕಿದ್ದು ಎಷ್ಟೋ ವರ್ಷದ ಮ್ಯಾಲ, ಕನಗನಹಳ್ಳಿ ಉತ್ಖನನದಾಗ. ಎಲ್ಲಿಂದ ತಗೊಂಡ್ಯವ್ವ ಅಂದ್ರ 'ನೆಟ್‌ನ್ಯಾಗಿತ್ತ್ರಿ ಸರ್' ಅಂದ್ಳು, ಅಲ್ಲಿ ಬರ್ದವರು ಯಾವ ಪುಸ್ತಕ ನೋಡಿ ಬರ್ದಾರ ಅಂತ ಕೇಳಿದ್ರ ಸುಮ್ನೆ ನಕ್ಳು. ಆಕಿ ತಪ್ಪಲ್ಲ ಬಿಡ್ರಿ, ಪುಸ್ತಕ ಇಟ್ಕೊಂಡು ಕೂತ ನಮ್ಮಂಥವರದೇ ತಪ್ಪು.

ವಿಕಿಪೀಡಿಯಕ್ಕ 2016ರಾಗ ಹದಿನೈದು ತುಂಬಿದಾಗ ಒಂದು ಅಭಿಯಾನ ಶುರು ಮಾಡಿದ್ರು, 'ಒಬ್ಬ ಗ್ರಂಥಪಾಲಕ, ಒಂದು ಉಲ್ಲೇಖ' ಅಂತ. ಜಗತ್ತಿನ ಲೈಬ್ರರಿಯವರೆಲ್ಲ ತಲಾ ಒಂದೊಂದು ಲೇಖನದಾಗ ಒಂದೇ ಒಂದು ಆಧಾರ ಸೇರಿಸ್ರಿ ಅನ್ನೋದು ಇದರ ಲೆಕ್ಕ. ಜನವರಿ 15ರಿಂದ ಸುಮಾರು ಮೂರು ವಾರ ನಡೀತದ. ಪಗಾರ ಇಲ್ಲ, ಯಾರ ಆರ್ಡರೂ ಬೇಕಾಗಿಲ್ಲ. ಕನ್ನಡ ವಿಕಿಪೀಡಿಯ 2003ರಿಂದ ಅದ, ಆದ್ರ ನಮ್ಮ ಕಡೆ ಊರುಗಳ ಪುಟ ತೆಗೆದು ನೋಡ್ರಿ, ನಾಕು ಸಾಲು ಇದ್ರ ಮೂರಕ್ಕ ಆಧಾರ ಇರಂಗಿಲ್ಲ.

ಇದು ಲೈಬ್ರರಿಯವರೇ ಮಾಡೋ ಕೆಲಸ ಅಂತ ಯಾಕಂತೀನಂದ್ರ, ನಮ್ಮ ಭಾಗದ ಮಾಹಿತಿ ಎಲ್ಲದ ಅಂತ ಹುಡುಕೋದೇ ಒಂದು ವಿದ್ಯಾ. ಯಾದಗಿರಿ ಹುಡುಗ ಬಂದು ಯಾದಗಿರಿ ಜಿಲ್ಲಾ ಹಳೇ ಗ್ಯಾಝೆಟಿಯರ್ (ಜಿಲ್ಲೆಯ ಮಾಹಿತಿ ಎಲ್ಲಾ ಇರೋ ಸರಕಾರಿ ಪುಸ್ತಕ) ಕೊಡ್ರಿ ಅಂತಾನ, ಅದು ಎಲ್ಲಿಂದ ಬರಬೇಕು, 1966ರ ಗುಲಬರ್ಗಾ ಗ್ಯಾಝೆಟಿಯರ್ ಬರ್ದಾಗ ಯಾದಗಿರಿ, ಸುರಪುರ, ಶಹಾಪುರ ಎಲ್ಲಾ ನಮ್ಮ ಜಿಲ್ಲೆಯೊಳಗೇ ಇದ್ದವು. 1956ರ ಮುಂಚೆ ನಾವು ಹೈದರಾಬಾದ್ ರಾಜ್ಯದಾಗ ಇದ್ದೋರು, ಹಂಗಾಗಿ ಮೈಸೂರಿನ ಪುರಾತತ್ವ ರಿಪೋರ್ಟ್‌ನ್ಯಾಗ ಬೀದರ ಹುಡುಕಿದ್ರ ಸಿಗಂಗಿಲ್ಲ, ನಿಜಾಮರ ಕಾಲದ ಪುರಾತತ್ವ ಇಲಾಖೆ ಪ್ರಕಟಣೆ ತೆಗೀಬೇಕು, ಬೀದರ ಕೋಟೆ, ಮದರಸಾ ಮ್ಯಾಲ ಆ ಇಲಾಖೆಯ ನಿರ್ದೇಶಕರಾಗಿದ್ದ ಯಜ್ದಾನಿಯವರು 1947ರಾಗ ತಂದ ದೊಡ್ಡ ಪುಸ್ತಕ ತೆಗೀಬೇಕು. ಮತ್ತ ಹಳೇ ಪುಸ್ತಕ ಅಂದ್ರ ಎಲ್ಲಾ ಮುಗೀತು ಅಂತನೂ ಅಲ್ಲ, 1966ರ ಪುಸ್ತಕದಾಗ 1986ರ ಶಾಸನ ಎಲ್ಲಿಂದ ಬರ್ತದ. ಇದನ್ನ ಗೂಗಲ್ ಹೇಳಂಗಿಲ್ಲ, ಕಪಾಟು ಝಾಡಿಸಿದವರು ಹೇಳ್ತಾರ.

ನಾ ಮೊದ್ಲ ಸಲ ವಿಕಿಪೀಡಿಯದಾಗ ಬರೀಲಿಕ್ಕೆ ಕೂತಾಗ ಮರ್ಯಾದಿ ಹೋಯ್ತು ಅನ್ರಿ. ಸುರಪುರದ ಬಗ್ಗೆ ಒಂದು ಸಾಲು ಬರ್ದು 'ಹಿರಿಯರು ಹೇಳಿದ್ದು' ಅಂತ ಹಾಕಿದ್ದೆ, ಮರುದಿನ ನೋಡಿದ್ರ ಯಾರೋ ತೆಗದುಬಿಟ್ಟಿದ್ರು. ಸಿಟ್ಟು ಬಂತು. ಆಮ್ಯಾಲ ನೆನಪಾಯ್ತು, ಸರ್ವಿಸ್ ಪೂರ್ತಿ ಹುಡುಗರಿಗೆ 'ಪುಟ ನಂಬರ್ ಎಲ್ಲಿ ಅದ' ಅಂತ ಬೈದವ ನಾನೇ. ಹೊಸ ಪುಸ್ತಕ ಇದ್ರ ಅದರ ಐಎಸ್‌ಬಿಎನ್ (ಪುಸ್ತಕದ ಗುರುತಿನ ನಂಬರ್) ಹೊಡದ್ರ ಹೆಸ್ರು, ಲೇಖಕ, ವರ್ಷ ತಾನೇ ಬರ್ತದ, ಹಳೇವಕ್ಕ ಕೈಯಿಂದ ತುಂಬಬೇಕು, ಕ್ಯಾಟಲಾಗ್ ಕಾರ್ಡ್ ಬರ್ದವರಿಗೆ ಅದೇನು ದೊಡ್ಡ ಮಾತು. ಅರ್ಧ ತಾಸಿನ್ಯಾಗ ಎರಡು ಉಲ್ಲೇಖ ಆಗ್ತಾವ.

ಪತ್ರಿಕೆಯವರಿಗೂ ಒಂದು ಮಾತು, ಬ್ಯಾಸರ ಮಾಡ್ಕೋಬ್ಯಾಡ್ರಿ. ಪುರವಣಿಯೊಳಗ ಕೋಟೆ, ಗುಡಿ ಬಗ್ಗೆ ಬರೋ ಎಷ್ಟೋ ಲೇಖನ ವಿಕಿಪೀಡಿಯದಿಂದ ಎತ್ತಿದ್ದು ಅಂತ ಓದಿದ ಕೂಡ್ಲೇ ಗೊತ್ತಾಗ್ತದ, ಕೆಳಗ 'ಕೃಪೆ: ಅಂತರ್ಜಾಲ'. ನಾಳೆ ಇನ್ಯಾರೋ ಅದೇ ಪೇಪರ್ ಕಟಿಂಗ್ ತೋರಿಸಿ ವಿಕಿಪೀಡಿಯದಾಗ ಆಧಾರ ಅಂತ ಹಾಕ್ತಾರ. ತಪ್ಪು ಒಂದು ಸುತ್ತು ಹೊಡದು ಬಂದು ಖರೆ ಆಗಿ ಕೂಡ್ತದ! ಲೇಖಕರಿಂದ ಪುಸ್ತಕದ ಹೆಸ್ರು, ಪುಟ ಕೇಳಿ ಹಾಕ್ರಿ, ಎರಡು ಸಾಲಿನ ಜಾಗ ಹೋಗ್ತದ ಅಷ್ಟೇ.

ಮನಿ ಟ್ಯಾಕ್ಸ್ ಜೊತಿ ನೂರಕ್ಕ 6 ರೂಪಾಯಿ ಗ್ರಂಥಾಲಯ ಸೆಸ್ ನಾವೇ ಕಟ್ತೀವಿ, ಆ ರೊಕ್ಕದ ಪುಸ್ತಕ ಕೀಲಿ ಹಾಕಿದ ಕಪಾಟಿನ್ಯಾಗ ಧೂಳ ತಿನ್ನೋದು ಬ್ಯಾಡ. ಪಂಚಾಯತಿ ಅರಿವು ಕೇಂದ್ರದ (ಹಳ್ಳಿ ಲೈಬ್ರರಿ) ಮೇಲ್ವಿಚಾರಕರು ತಮ್ಮ ಊರಿನ ಪುಟದಿಂದನೇ ಶುರು ಮಾಡಬಹುದು. ನಾ ಬರೋ ಜನವರಿ 15ಕ್ಕ ಮಳಖೇಡದ ಪುಟ ಹಿಡೀಬೇಕಂತ ಮಾಡೀನಿ. ಲೈಬ್ರರಿ ಕೆಲಸ ಮಾಡಿದವರು, ಮಾಡೋರು ಯಾರಾದ್ರೂ ಜೋಡಿ ಕೂಡೋರಿದ್ರ ಬರ್ರಿ, ಚಹಾ, ಸುಸ್ಲಾ ಮಿರ್ಚಿ ನಂದು, ಗ್ಯಾಝೆಟಿಯರ್ ನಿಮ್ಮ ಕಡೆದು ತರ್ರಿ, ನನ್ನ ಪ್ರತಿ ಒಬ್ಬರು ಒಯ್ದವರು ಇನ್ನೂ ಹೊಳ್ಳಿ ಕೊಟ್ಟಿಲ್ಲ.

– ನಿವೃತ್ತ ಗ್ರಂಥಪಾಲಕ, ಕಲಬುರಗಿ