ಎಲ್ಲ ಗೇಮೂ ಆನ್‌ಲೈನ್ ಅಲ್ಲ

ಮಾನ್ಯರೇ,

ಮಕ್ಕಳ ಗೇಮ್ ಹುಚ್ಚಿನ ಚರ್ಚೆಯಲ್ಲಿ ಆ್ಯಕ್ಷನ್ ಆರ್‌ಪಿಜಿ (ಒಂದು ಪಾತ್ರವಾಗಿ ಹೋರಾಡುತ್ತ ಸಾಗುವ ಆಟ), ಎಂಎಂಒ (ಬಹಳ ಮಂದಿ ಆನ್‌ಲೈನ್‌ನಲ್ಲಿ ಒಂದೇ ಲೋಕದಲ್ಲಿ ಆಡುವ ಆಟ) ಎರಡನ್ನೂ ಒಂದೇ ತಕ್ಕಡಿಗೆ ಹಾಕುವುದು ಸರಿಯಲ್ಲ.

ಆ್ಯಕ್ಷನ್ ಆರ್‌ಪಿಜಿಗಳಾದ ‘ವಿಚರ್ 3’ (2015), ‘ಎಲ್ಡನ್ ರಿಂಗ್’ (2022) ಒಮ್ಮೆ ಕೊಂಡು ಇಳಿಸಿಕೊಂಡರೆ ನೆಟ್ ಇಲ್ಲದೆಯೂ ಒಬ್ಬರೇ ಆಡಬಹುದು. ಊಟಕ್ಕೆ ಕರೆದರೆ ‘ವಿಚರ್’ ಅನ್ನು ಅಲ್ಲೇ ನಿಲ್ಲಿಸಿ ಏಳಬಹುದು. ‘ಎಲ್ಡನ್ ರಿಂಗ್‌’ಗೆ ಆಟವನ್ನು ತಡೆದು ನಿಲ್ಲಿಸುವ ಬಟನ್ ಇಲ್ಲ, ಮೆನುವಿನಿಂದ ಹೊರಬಂದರೆ ಆಟ ತಾನೇ ಸೇವ್ ಆಗುತ್ತದೆ. ತೊಂದರೆ ಡೌನ್‌ಲೋಡಿನದು: 60 ಜಿಬಿಗೆ 10 ಎಂಬಿಪಿಎಸ್ ಲೈನಿನಲ್ಲಿ ಹದಿಮೂರು ತಾಸಿಗೂ ಹೆಚ್ಚು ಬೇಕು.

2004ರ ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ನಂಥ ಎಂಎಂಒ ಬೇರೆಯೇ. ತಿಂಗಳ ಚಂದಾ ಕಟ್ಟಬೇಕು, ನೀವು ಎದ್ದು ಹೋದರೂ ಆ ಲೋಕ ನಿಲ್ಲದು. ಅದರ ಮೊದಲ ದಿನಗಳ ದೊಡ್ಡ ರೇಡ್‌ಗಳಿಗೆ (ತಂಡವಾಗಿ ಮಾಡುವ ದಾಳಿಗಳಿಗೆ) 40 ಮಂದಿ ಸೇರುತ್ತಿದ್ದರು. ಮಳೆಗಾಲದ ಸಂಜೆ ಹುಬ್ಬಳ್ಳಿಯಲ್ಲಿ ಕರೆಂಟ್ ಹೋಗಿ ತಂಡದವರ ಗಾಯ ಮಾಯಿಸುವ ಆಟಗಾರ (ಹೀಲರ್) ಮಾಯವಾದರೆ ಇಡೀ ತಂಡವೇ ಸಾಯಬಹುದು! ರೂಟರ್‌ಗೊಂದು ಸಣ್ಣ ಯುಪಿಎಸ್, ವೈ-ಫೈ ಬದಲು ಲ್ಯಾನ್ ಕೇಬಲ್ ಇರಲಿ. ಆಟ ನಡೆಸುವ ಸರ್ವರ್ ದೂರವಿದ್ದು ಪಿಂಗ್ (ಸಂದೇಶ ಅಲ್ಲಿಗೆ ಹೋಗಿ ಬರುವ ಸಮಯ) 200 ಮಿಲಿಸೆಕೆಂಡ್ ದಾಟಿದರೆ ಮಾತ್ರ ಕೇಬಲ್ಲೂ ಉಪಯೋಗಕ್ಕೆ ಬಾರದು.

ನಡುವಿನವೂ ಇವೆ. ‘ಡಯಾಬ್ಲೊ 3’ (2012) ಕಂಪ್ಯೂಟರಿನಲ್ಲಿ ಒಬ್ಬರೇ ಆಡಿದರೂ ಸರ್ವರ್ ಬೇಡುತ್ತದೆ. ದುಡ್ಡು ಕೊಡುವ ಮುನ್ನ ‘ಸದಾ ಇಂಟರ್‌ನೆಟ್ ಬೇಕೇ’ ಎಂಬುದನ್ನು ನೋಡಿಕೊಳ್ಳಿ.

— ಗೇಮಿಂಗ್ ಆಸಕ್ತರು, ವಿದ್ಯಾನಗರ, ಹುಬ್ಬಳ್ಳಿ