ಕಡಲ ಬದಿಯ ಮನೆಯನ್ನು ಮಳೆಗಾಲದಲ್ಲಿ ಬಂದು ನೋಡಿ

ಮಾನ್ಯ ಸಂಪಾದಕರೇ,

ಉಳ್ಳಾಲ, ಸೋಮೇಶ್ವರದ ಕಡೆ ಸಮುದ್ರದ ಹತ್ತಿರ ಮನೆ, ಸೈಟು ಕೇಳಿಕೊಂಡು ಬರುವವರು ಜಾಸ್ತಿಯಾಗಿದ್ದಾರೆ. ಬರಲಿ, ಸಂತೋಷವೇ. ಆದರೆ ಹೆಚ್ಚಿನವರು ಬರುವುದು ಡಿಸೆಂಬರ್, ಜನವರಿಯಲ್ಲಿ. ಆಗ ಕಡಲು ಶಾಂತ, ಮರಳ ದಂಡೆಯೂ ಅಗಲ. ಜುಲೈಯಲ್ಲಿ ಅದೇ ಜಾಗ ನೋಡಬೇಕು. ಅಲೆಗಳು ತಡೆಗೋಡೆಯ ಕಲ್ಲು ದಾಟಿ ಅಂಗಳಕ್ಕೇ ಬರುತ್ತವೆ, ತೆಂಗಿನ ಮರಗಳು ಬುಡಸಮೇತ ಉರುಳುತ್ತವೆ. ಮನೆಯನ್ನೇ ಕಳೆದುಕೊಂಡವರು ನಮ್ಮ ನಡುವೆ ಇದ್ದಾರೆ. ಬೇಸಿಗೆಯಲ್ಲಿ ಕೆಲವು ಬಾವಿಗಳ ನೀರು ಉಪ್ಪಾಗುವುದನ್ನೂ ಯಾರೂ ಮೊದಲೇ ಹೇಳುವುದಿಲ್ಲ.

ಪಹಣಿ, ಭೂಪರಿವರ್ತನೆ ಸರಿ ಇದ್ದರೆ ಸಾಕು ಎನ್ನುತ್ತಾರೆ ದಲ್ಲಾಳಿಗಳು. ಖಂಡಿತ ಸಾಲದು. ಕಡಲ ಬದಿಯಲ್ಲಿ ಭರತದ ಗೆರೆಯಿಂದ (ಉಬ್ಬರದ ನೀರು ಏರಿ ಬರುವ ಗಡಿಯಿಂದ) 500 ಮೀಟರ್‌ವರೆಗೆ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ನಿಯಮ ಇದೆ. 2019ರ ಅಧಿಸೂಚನೆಯ ಪ್ರಕಾರ, ಜನದಟ್ಟಣೆಯ ಗ್ರಾಮೀಣ ಪ್ರದೇಶದಲ್ಲಿ ಮೊದಲ 50 ಮೀಟರ್, ಉಳಿದ ಗ್ರಾಮೀಣ ಪ್ರದೇಶದಲ್ಲಿ 200 ಮೀಟರ್ ನಿರ್ಮಾಣ ನಿಷೇಧ ವಲಯ. ಪೇಟೆಯ ಲೆಕ್ಕವೇ ಬೇರೆ. ಜೀವಮಾನದ ಉಳಿತಾಯ ಹಾಕುವ ಜನರಿಗೆ ಇದೆಲ್ಲ ಮೊದಲೇ ಗೊತ್ತಾಗಬೇಕಲ್ವಾ?

ಸರ್ವೆ ನಂಬರ್ ಸಮೇತ ಸಿಆರ್‌ಝಡ್ ನಕ್ಷೆಯನ್ನು ಕನ್ನಡದಲ್ಲಿ ಪ್ರತಿ ಪಂಚಾಯಿತಿ, ನಗರಸಭೆ ಮತ್ತು ಉಪನೋಂದಣಿ ಕಚೇರಿಯ ಗೋಡೆಗೆ ಹಾಕಲು ಜಿಲ್ಲಾಡಳಿತ ಈ ಮಳೆಗಾಲದೊಳಗೆ ಕ್ರಮ ಕೈಗೊಳ್ಳಲಿ.

– ಓದುಗ, ಉಳ್ಳಾಲ