ನಕ್ಕಾದ ಮೇಲೆ ಮೂಲವನ್ನೂ ತೆರೆದು ನೋಡು

ಚಿರಂಜೀವಿ ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ಶೇಕ್ಸ್‌ಪಿಯರ್‌ನ ನಾಟಕಗಳನ್ನು ಇಂದಿನ ಮಾತಿನಲ್ಲಿ ತಮಾಷೆಯಾಗಿ ಹೇಳುವ ಪುಸ್ತಕಗಳನ್ನೇ ಓದುತ್ತಿದ್ದೇನೆ, ಇದು ಕಳ್ಳದಾರಿಯಲ್ಲವೇ ಎಂದು ಕೇಳಿದ್ದೀಯೆ. ಕಳ್ಳದಾರಿಯಾದರೆ ಅದರಲ್ಲಿ ಅವನೂ ನಡೆದವನೇ! ‘ದಿ ಕಾಮಿಡಿ ಆಫ್ ಎರರ್ಸ್’ನ ಕಥೆ ಪ್ರಾಚೀನ ರೋಮಿನ ನಾಟಕಕಾರ ಪ್ಲಾಟಸ್‌ನದು. ಅಲ್ಲಿದ್ದ ಒಂದು ಜೋಡಿ ಅವಳಿಗಳು ಸಾಲದೆಂದು ಇವನು ಆಳುಗಳನ್ನೂ ಅವಳಿಗಳಾಗಿಸಿ ಗೊಂದಲವನ್ನು ಇಮ್ಮಡಿ ಮಾಡಿದ.

ಅಷ್ಟೇ ಅಲ್ಲ, ತನ್ನನ್ನೇ ಗೇಲಿ ಮಾಡಿಕೊಳ್ಳಲೂ ಅವನಿಗೆ ಸಂಕೋಚವಿರಲಿಲ್ಲ. ‘ರೋಮಿಯೊ ಅಂಡ್ ಜೂಲಿಯೆಟ್’ ಬರೆದ ಆಸುಪಾಸಿನಲ್ಲೇ ‘ಎ ಮಿಡ್‌ಸಮ್ಮರ್ ನೈಟ್ಸ್ ಡ್ರೀಮ್’ ಬರೆದ. ಅದರ ಕೊನೆಯಲ್ಲಿ ನೇಯ್ಗೆಯವನು, ಬಡಗಿ ಮೊದಲಾದ ಕಸುಬುದಾರರು ಸೇರಿ ಒಂದು ದುರಂತ ನಾಟಕ ಆಡುತ್ತಾರೆ. ಕಥೆ ಹೆಚ್ಚುಕಡಿಮೆ ಅದೇ: ಪ್ರೇಯಸಿ ಸತ್ತಳೆಂದು ತಪ್ಪು ತಿಳಿದು ಪ್ರಿಯಕರ ಪ್ರಾಣ ಬಿಡುತ್ತಾನೆ, ಅವನನ್ನು ಕಂಡು ಅವಳೂ. ಆದರೆ ಇಲ್ಲಿ ಗೋಡೆಯ ಪಾತ್ರಕ್ಕೂ ಒಬ್ಬ ಮನುಷ್ಯನಿದ್ದಾನೆ; ಅವನು ಬೆರಳು ಅಗಲಿಸಿ ಹಿಡಿದದ್ದೇ ಗೋಡೆಯ ಬಿರುಕು. ಸಿಂಹದ ವೇಷದವನು ಹೆಂಗಸರು ಹೆದರಬಾರದೆಂದು ‘ನಾನು ಬಡಗಿ’ ಎಂದು ಮೊದಲೇ ಹೇಳಿಬಿಡುತ್ತಾನೆ. ಒಂದು ನಾಟಕದಲ್ಲಿ ಅಳಿಸಿದ ಕಥೆಯಿಂದಲೇ ಇನ್ನೊಂದರಲ್ಲಿ ನಗಿಸುವುದು ಸಾಮಾನ್ಯದ ಕೆಲಸವಲ್ಲ.

ಆದ್ದರಿಂದ ನಾಚಿಕೆ ಬೇಡ, ನಗು. ಆದರೆ ಎಲ್ಲ ಹಾಸ್ಯವೂ ಒಂದೇ ತೂಕದ್ದಲ್ಲ. ಹಳೆಯ ಮಾತು, ಹಳೆಯ ಉಡುಪು ಎಂದು ಲೇವಡಿ ಮಾಡುವವರು ಪುಟ ತುಂಬಿಸುತ್ತಾರೆ, ಅಷ್ಟೇ. ಮೂಲವನ್ನು ಅರೆದು ಕುಡಿದವರು ಪಾತ್ರದ ದೌರ್ಬಲ್ಯವನ್ನೇ ಹಿಡಿಯುತ್ತಾರೆ. ಸೇಡು ತೀರಿಸಲು ಹಿಂದೆಮುಂದೆ ನೋಡುವ ರಾಜಕುಮಾರ ಹ್ಯಾಮ್ಲೆಟ್ ಮೊಬೈಲ್‌ನಲ್ಲಿ ಸಂದೇಶ ಬರೆದು, ಅಳಿಸಿ, ಮತ್ತೆ ಬರೆಯುವ ಹಾಗೆ ಯಾರಾದರೂ ಚಿತ್ರಿಸಿದರೆ ನಾನು ಆಕ್ಷೇಪಿಸುವುದಿಲ್ಲ. ಅವನ ಮೀನಮೇಷ ಎಣಿಕೆಯೆಲ್ಲ ಅದರಲ್ಲಿದೆ.

ಇನ್ನೊಂದು ವಿಷಯ. ಹಾಸ್ಯದ ರೂಪದಲ್ಲಿ ಏನನ್ನು ಬಿಟ್ಟಿದ್ದಾರೆ ಎಂಬುದರ ಮೇಲೂ ಕಣ್ಣಿಡು. ಅವಳಿಗಳ ಆ ನಾಟಕ ಶುರುವಾಗುವುದು ಅವರ ತಂದೆಗೆ ವಿಧಿಸಿದ ಮರಣದಂಡನೆಯಿಂದ. ಸೂರ್ಯಾಸ್ತದೊಳಗೆ ಸಾವಿರ ಮಾರ್ಕ್ (ಅಂದಿನ ಹಣದ ಲೆಕ್ಕ) ದಂಡ ಕಟ್ಟದಿದ್ದರೆ ತಲೆ ಹೋಗುತ್ತದೆ. ಮಕ್ಕಳ ಎಲ್ಲ ಫಜೀತಿಯೂ ನಡೆಯುವುದು ಆ ಒಂದೇ ಹಗಲಿನಲ್ಲಿ. ಮುದುಕನನ್ನು ಕೈಬಿಟ್ಟು ಹೇಳಿದರೂ ನಗು ಬರುತ್ತದೆ, ಆದರೆ ಜೊತೆಗಿರಬೇಕಾದ ಆತಂಕ ಬರುವುದಿಲ್ಲ.

ಇಡೀ ನಾಟಕ ಓದು ಎಂದು ನಾನು ಪೀಡಿಸುವುದಿಲ್ಲ. ನಿನ್ನನ್ನು ಹೆಚ್ಚು ನಗಿಸಿದ ದೃಶ್ಯವೊಂದನ್ನು ಮೂಲದಲ್ಲಿ ಹುಡುಕಿ, ಗಟ್ಟಿಯಾಗಿ ಓದು. ಕಣ್ಣಿಗೆ ತೊಡಕೆನಿಸಿದ ಸಾಲು ಬಾಯಿಗೆ ಬಂದಾಗ ಎಷ್ಟೋ ಸಲ ತಾನೇ ಬಿಡಿಸಿಕೊಳ್ಳುತ್ತದೆ. ಅವಳಿಗಳ ಇದೇ ನಾಟಕದ ಮೂರನೆಯ ಅಂಕದ ಮೊದಲ ದೃಶ್ಯದಿಂದ ಆರಂಭಿಸಬಹುದು: ಯಜಮಾನ ತನ್ನ ಮನೆಯ ಬಾಗಿಲನ್ನೇ ಬಡಿಯುತ್ತಿದ್ದಾನೆ, ಒಳಗೆ ಅವನ ಹೆಂಡತಿ ಅವನ ಅವಳಿಯನ್ನು ಗಂಡನೆಂದೇ ತಿಳಿದು ಊಟಕ್ಕೆ ಕೂರಿಸಿಕೊಂಡಿದ್ದಾಳೆ. ನೀನು ಬಂದಾಗ ಇಬ್ಬರೂ ಸೇರಿ ಓದೋಣ. ಒಳಗಿನಿಂದ ಉತ್ತರ ಕೊಡುವ ಆಳು ನಾನು. ಹೊರಗೆ ನಿಂತು ಬೈಯುವವರೆಲ್ಲ ನೀನೇ.

ಇಂತಿ,
ನಿನ್ನ ದೊಡ್ಡಪ್ಪ